ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲುಗಳು

ಶನಿವಾರ, ಬೆಂಗಳೂರು

ನಾಯಿಯಿಂದಲೇ ಶುರು ಮಾಡಬೇಕು ಎಂದು ಮಾವ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಹಾಗಾಗಿ ಊರು ಬಿಡುವ ಮುಂಚೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಹಳಗನ್ನಡದ ಲಿಪಿ ಕಲಿತು, ಈಗ ಎಲ್ಲಿ ಕಲ್ಲು ಕಂಡರೂ ಕಾರು ನಿಲ್ಲಿಸಿ ಎನ್ನುತ್ತಾರೆ. ಕಾರು ನನ್ನದು, ಹಾದಿ ಅವರದು. ನೆನಪಿಗಾಗಿ ನೆಟ್ಟ ಕಲ್ಲುಗಳನ್ನು, ಅಂದರೆ ವೀರಗಲ್ಲು, ಮಾಸ್ತಿಕಲ್ಲು, ವ್ರತದಿಂದ ದೇಹ ಬಿಟ್ಟ ಜೈನರ ನಿಷಿಧಿ, ಗೋರಿಗಳನ್ನು ನೋಡುತ್ತ ದಕ್ಷಿಣದಿಂದ ವಿಜಯಪುರದವರೆಗೆ ಹೋಗುವುದು ನಮ್ಮ ಲೆಕ್ಕಾಚಾರ.

ನಾಯಿಯ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನದು. ಕ್ರಿ.ಶ. 949–50ರ ಕಾಲದ್ದು. ನಾಯಿಯೂ ಕಾಡುಹಂದಿಯೂ ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ, ಸುತ್ತ ಅಕ್ಷರ. ಗಂಗರ ಬೂತುಗನ ಸೇವಕ ಮಣಲೆರ ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದನಂತೆ. ಮೆಚ್ಚಿ 'ಬೇಡಿಕೋ' ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಸತ್ತವು. ಕಾಳಿಗಾಗಿ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದೂ ಕೆತ್ತಿಸಿದರು. ಚೋಳರ ರಾಜಾದಿತ್ಯ ತಕ್ಕೋಲದಲ್ಲಿ ಸತ್ತ ಸಂಗತಿ ಇತಿಹಾಸದವರಿಗೆ ಬಹಳ ಮುಖ್ಯ. ಅದು ಕೂಡ ಇದೇ ಕಲ್ಲಿನಲ್ಲಿದೆ. ಆದರೆ ಚಿತ್ರ ಸಿಕ್ಕಿದ್ದು ನಾಯಿಗೆ, ರಾಜನಿಗಲ್ಲ.

"ಮೊದಲು ಚಿತ್ರ ನೋಡು, ಆಮೇಲೆ ಅಕ್ಷರ," ಎಂದರು ಮಾವ. "ಆ ಕಾಲದ ಊರವರಲ್ಲಿ ಓದಲು ಬರುತ್ತಿದ್ದವರು ಎಷ್ಟು ಮಂದಿ? ಅವರೆಲ್ಲ ಓದಿದ್ದು ಚಿತ್ರವನ್ನೇ."

ಅದೇ ಸಂಗ್ರಹಾಲಯದಲ್ಲಿ ಬೇಗೂರಿನ ದೊಡ್ಡ ಕಲ್ಲೂ ಇದೆ. ಗಂಗರ ಎರೆಯಪ್ಪನ ಪರವಾಗಿ ತುಂಬೆಪಾಡಿಯಲ್ಲಿ ಆನೆಗಳ ನಡುವೆ ನುಗ್ಗಿ ಸತ್ತ ನಾಗತ್ತರನದು. ಆನೆ, ಕುದುರೆ, ಕತ್ತಿ, ನೆಲಕ್ಕೆ ಬಿದ್ದ ದೇಹಗಳು ಎಲ್ಲ ಒಂದೇ ಚೌಕದಲ್ಲಿ ಕಿಕ್ಕಿರಿದಿವೆ. ಸ್ವರ್ಗವಿಲ್ಲ, ದೇವಕನ್ಯೆಯರಿಲ್ಲ, ಬರೀ ಯುದ್ಧ. ಗಂಗರ ಕಾಲದ ಕಲ್ಲುಗಳು ಹೆಚ್ಚಾಗಿ ಹೀಗೇ. ಅಂತಸ್ತು ಅಂತಸ್ತಾಗಿ ಪರಲೋಕಕ್ಕೆ ಏರುವ ಚಿತ್ರ ವಾಡಿಕೆಯಾದದ್ದು ಆಮೇಲೆ. ನನಗಂತೂ ಈ ಹಳೆಯದೇ ಹೆಚ್ಚು ಹಿಡಿಸಿತು. ಸತ್ತವನು ಏನು ಮಾಡುತ್ತ ಸತ್ತನೋ ಅಷ್ಟನ್ನು ತೋರಿಸಿ ಸುಮ್ಮನಾಗುತ್ತದೆ.

ಭಾನುವಾರ, ಶ್ರವಣಬೆಳಗೊಳ ಮತ್ತು ಹಳೇಬೀಡು

ಶ್ರವಣಬೆಳಗೊಳಕ್ಕೆ ಬಂದವರೆಲ್ಲ ಗೊಮ್ಮಟನ ದೊಡ್ಡಬೆಟ್ಟ ಹತ್ತುತ್ತಾರೆ. ನಾವು ಎದುರಿನ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ ಹತ್ತಿದೆವು. ಅಲ್ಲಿ ಜನ ಕಡಿಮೆ, ಸಾವು ಜಾಸ್ತಿ. ಸುಮಾರು 600ನೇ ಇಸವಿಯಿಂದ ಮುಂದೆ ಎಷ್ಟೋ ಶತಮಾನ, ಅನ್ನನೀರು ಬಿಟ್ಟು ಸಲ್ಲೇಖನದಿಂದ ದೇಹ ತ್ಯಜಿಸಿದ ಮುನಿಗಳ, ಸನ್ಯಾಸಿನಿಯರ, ರಾಜರ ಹೆಸರು ಈ ಬಂಡೆಯ ಮೈತುಂಬ ಇದೆ. ಚಪ್ಪಲಿ ಕೆಳಗೇ ಬಿಡಬೇಕು. ಕಾಲಿನ ಪಕ್ಕದಲ್ಲೇ ಏಳನೇ ಶತಮಾನದ ಅಕ್ಷರ ಕಾಣುವಾಗ ಹೆಜ್ಜೆ ಇಡಲು ಹಿಂಜರಿಕೆ.

ನಂದಿಸೇನ ಮುನಿಯ ಶಾಸನವನ್ನು ಮಾವ ಬಾಯಿಪಾಠದಲ್ಲೇ ಹೇಳಿದರು: 'ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್ ತೋರಿ ಬೇಗಂ...' ಕಾಮನಬಿಲ್ಲು, ಮಿಂಚು, ಮಂಜು ಹೇಗೆ ಕಂಡು ಬೇಗನೆ ಮಾಯವಾಗುತ್ತವೋ ಹಾಗೆ ರೂಪ, ಹಣ, ವೈಭವ ಯಾರಿಗೂ ನಿಲ್ಲವು ಎಂದು ಮುಂದುವರಿಯುತ್ತದೆ. ಸಾಯಲು ಹೊರಟವನ ಬಗ್ಗೆ ಹಾಡುವಂಥ ಪದ್ಯ. ಕ್ಲಾಸಿನಲ್ಲಿ ಎಷ್ಟು ವರ್ಷ ಇದನ್ನು ಹೇಳಿದ್ದರೋ, ದನಿ ಸ್ವಲ್ಪವೂ ತಡವರಿಸಲಿಲ್ಲ.

ಹಳೆಯ ನಿಷಿಧಿಗಳಲ್ಲಿ ಚಿತ್ರವಿಲ್ಲ, ಅಕ್ಷರವಷ್ಟೇ. ನಂತರದವುಗಳಲ್ಲಿ ಚಿತ್ರ ಬರುತ್ತದೆ. ಅದನ್ನು ಗುರುತಿಸುವುದು ಸುಲಭ. ಕೆಳಗೆ ಗುರು ಮತ್ತು ವ್ರತ ಹಿಡಿದವರು ಎದುರುಬದುರು ಕೂತಿರುತ್ತಾರೆ. ನಡುವೆ ಗ್ರಂಥ ಇಡುವ ಠವಣೆಕೋಲು, ಪಕ್ಕದಲ್ಲಿ ಕಮಂಡಲ, ನವಿಲುಗರಿಯ ಪಿಂಛ. ಮೇಲೆ ಮುಕ್ಕೊಡೆಯ ಕೆಳಗೆ ಜಿನ. ಇಲ್ಲಿ ಕತ್ತಿಯಿಲ್ಲ, ಓಡಾಟವಿಲ್ಲ. ಒಬ್ಬರು ಹೇಳುತ್ತಿದ್ದಾರೆ, ಒಬ್ಬರು ಕೇಳುತ್ತಿದ್ದಾರೆ, ಅಷ್ಟರಲ್ಲೇ ಸಾವು. ಕೈಮುಗಿದು ಕೂತವರಲ್ಲಿ ಹೆಂಗಸರೂ ಬೇಕಾದಷ್ಟು. ಇದನ್ನು ನೆನಪಿಟ್ಟುಕೊಂಡೆ, ಮರುದಿನ ಬೇಕಾಯಿತು.

ರಾಷ್ಟ್ರಕೂಟರ ಕೊನೆಯ ಇಂದ್ರ, ನಾಲ್ಕನೆಯವನು, 982ರಲ್ಲಿ ಇಲ್ಲಿಯೇ ದೇಹ ಬಿಟ್ಟ. ಅವನ ಕಂಬದ ಶಾಸನ ಅವನ ವೈರಾಗ್ಯಕ್ಕಿಂತ ಕುದುರೆಯ ಮೇಲಿನ ಚೆಂಡಾಟದ ಕೌಶಲವನ್ನೇ ಉದ್ದಕ್ಕೆ ಹೊಗಳುತ್ತದೆ. ರಾಜ್ಯ ಹೋಯಿತು, ಊಟ ಬಿಟ್ಟ, ಆದರೂ ಬರೆಸಿದವರಿಗೆ ಮರೆಯಲಾಗದ್ದು ಅವನ ಆಟ!

ಮಧ್ಯಾಹ್ನ ಹಳೇಬೀಡು. ಹೊಯ್ಸಳೇಶ್ವರದ ಗೋಡೆಯ ಸಾಲುಗಳನ್ನು ನೋಡಲು ಬಂದ ಗುಂಪುಗಳು ಆವರಣದಲ್ಲಿರುವ ಒಂದು ಕಂಬವನ್ನು ದಾಟಿ ಹೋಗುತ್ತಲೇ ಇದ್ದವು. ಅದು ಕುವರಲಕ್ಷ್ಮನ ಕಂಬ. ಇಮ್ಮಡಿ ಬಲ್ಲಾಳನ ದಂಡನಾಯಕ ಅವನು. ಒಡೆಯನೊಂದಿಗೇ ಸಾಯುವ ಪಣ ತೊಟ್ಟ 'ಗರುಡ'ರಲ್ಲಿ ಒಬ್ಬ. ಬಲ್ಲಾಳ 1220ರಲ್ಲಿ ಹೋದ. ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗಿದ್ದ ಭಟರು ಎಲ್ಲರೂ ಪ್ರಾಣ ಬಿಟ್ಟರು. ಕಂಬದ ನಡುವೆ ಸುತ್ತಲೂ ಚಿಕ್ಕ ಚಿಕ್ಕ ಆಳುಗಳನ್ನು ಕೆತ್ತಿದ್ದಾರೆ. ಹತ್ತಿರ ಹೋಗುವವರೆಗೆ ಕುಣಿಯುವವರ ಸಾಲು ಅನಿಸುತ್ತದೆ. ಹತ್ತಿರ ಹೋದರೆ, ಒಬ್ಬ ತನ್ನ ಕತ್ತನ್ನೇ ಕೊಯ್ದುಕೊಳ್ಳುತ್ತಿದ್ದಾನೆ, ಇನ್ನೊಬ್ಬ ಕೈಕಾಲು ಕತ್ತರಿಸಿಕೊಳ್ಳುತ್ತಿದ್ದಾನೆ. ಮೈ ಜುಮ್ಮೆಂದಿತು. ಶಾಸನ ನಡುವೆಯೇ ತಟ್ಟನೆ ನಿಂತುಹೋಗುತ್ತದೆ, ವಾಕ್ಯ ಪೂರ್ತಿಯಾಗಿಲ್ಲ.

ಇದಕ್ಕೆ ಎದುರಾಳಿಯೇ ಇಲ್ಲ ಎನ್ನುವುದನ್ನು ಗಮನಿಸಿ. ವೀರಗಲ್ಲಿನಲ್ಲಿ ಎದುರಿಗೆ ಒಬ್ಬ ಶತ್ರುವಾದರೂ ಇರುತ್ತಾನೆ. ಇಲ್ಲಿ ಕತ್ತಿ ಹಿಡಿದವನೂ ಅವನೇ, ಬೀಳುವವನೂ ಅವನೇ.

"ನಿಷ್ಠೆ ಅಂದರೆ ಇದು," ಎಂದು ಪಕ್ಕದಲ್ಲಿದ್ದ ಯಾರೋ ಮಗನಿಗೆ ಹೇಳುತ್ತಿದ್ದರು. ಮಾವ ಬಾಯಿ ತೆರೆಯಲು ಹೊರಟವರು ಸುಮ್ಮನಾದರು. ಕಾರಿನಲ್ಲಿ ಕೂತ ಮೇಲೆ, "ಹುಡುಗ ಚಿಕ್ಕವನು, ಅಪ್ಪನ ಎದುರಿಗೆ ಯಾಕೆ," ಎಂದರು.

ಸೋಮವಾರ, ಶಿಕಾರಿಪುರದ ದಾರಿ ಮತ್ತು ಬಳ್ಳಿಗಾವಿ

ರಾತ್ರಿ ಶಿವಮೊಗ್ಗದಲ್ಲಿ ಉಳಿದು ಬೆಳಿಗ್ಗೆ ಬೇಗ ಹೊರಟೆವು. ಬಳ್ಳಿಗಾವಿಗೆ ಮುಂಚೆಯೇ ಒಂದು ಹಳ್ಳಿಯ ಅರಳಿಕಟ್ಟೆಯ ಬುಡದಲ್ಲಿ ಕಲ್ಲುಗಳು ಸಾಲಾಗಿ ನಿಂತಿದ್ದು ಕಂಡು "ನಿಲ್ಸು ನಿಲ್ಸು" ಎಂದರು. ಈ ಕಡೆ, ಶಿಕಾರಿಪುರ, ಸೊರಬದ ಊರುಗಳಲ್ಲಿ, ವೀರಗಲ್ಲು ಹುಡುಕಬೇಕಾಗಿಲ್ಲ, ಎದುರಾಗುತ್ತವೆ. ಕೆರೆಯ ಏರಿ, ಶಾಲೆಯ ಅಂಗಳ, ಗದ್ದೆಯ ಬದು, ಎಲ್ಲೆಂದರಲ್ಲಿ.

ಮಾವನ ಚೀಲದಿಂದ ಟಾರ್ಚ್ ಹೊರಬಂತು. ಹಗಲಿನಲ್ಲಿ ಟಾರ್ಚ್ ಯಾಕೆ ಅಂದುಕೊಂಡೆ. ಕಲ್ಲಿನ ಮೇಲೆ ನೆರಳಿದ್ದಾಗ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಹೆಚ್ಚುಕಡಿಮೆ ಒರಗಿಸಿದಂತೆ ಹಿಡಿದರೆ ಸವೆದುಹೋದ ಗೆರೆಗಳೂ ನೆರಳು ಬಿಟ್ಟು ಎದ್ದು ಕಾಣುತ್ತವೆ. ಸೀಮೆಸುಣ್ಣ ಬಳಿದು ಓದುವವರ ಮೇಲೆ ಮಾವನಿಗೆ ಕೆಂಡದಂಥ ಕೋಪ. ಬಣ್ಣ ಹೊಡೆದವರನ್ನು ಕಂಡರಂತೂ ಕೇಳಲೇಬೇಡಿ. ಕಟ್ಟೆಯ ಒಂದು ಕಲ್ಲಿಗೆ ಯಾರೋ ಭಕ್ತಿಯಿಂದ ಹಸಿರು ಆಯಿಲ್ ಪೇಂಟ್ ಬಳಿದಿದ್ದರು.

ಬಣ್ಣವಿಲ್ಲದ ಕಲ್ಲನ್ನು ಕೂತು ನೋಡಿದೆವು. ಮೂರು ಅಂತಸ್ತು. ಕೆಳಗಿನದರಲ್ಲಿ ಎಡಗಡೆ ಹಸುಗಳು, ಒಂದರ ಹಿಂದೆ ಒಂದು, ಕೊಂಬು ಮಾತ್ರ ಬೇರೆ ಬೇರೆ. ಅಂದರೆ ಇದು ತುರುಗೊಳ್: ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತದ್ದು. ದನಗಳಿಲ್ಲದೆ ಹೆಂಗಸರ ಆಕೃತಿ ಇದ್ದು, ಅವರ ಮಾನ ಉಳಿಸಲು ಹೋರಾಡಿದ್ದಾದರೆ ಪೆಣ್ಬುಯ್ಯಲ್. ಊರಿಗೆ ಊರೇ ನಾಶವಾದ ಜಗಳಕ್ಕೆ ಊರಳಿವು ಎನ್ನುತ್ತಾರೆ. ಹುಲಿ, ಹಂದಿ ಇದ್ದರೆ ಬೇಟೆ. ಸತ್ತವನನ್ನು ಉಳಿದವರಿಗಿಂತ ದೊಡ್ಡದಾಗಿ ಕೆತ್ತುತ್ತಾರೆ, ಅವನ ಕಾಲ ಕೆಳಗೆ ಬಿದ್ದವರು ಅವನು ಕೊಂದವರು. ಈ ಕಲ್ಲಿನ ಗೌಡನ ಎದೆಯಲ್ಲಿ ಎರಡು ಬಾಣ ನಾಟಿತ್ತು. ಬೆನ್ನಿನಲ್ಲಲ್ಲ, ಎದೆಯಲ್ಲಿ. ಅದು ಸುಮ್ಮನೆ ಬಂದದ್ದಲ್ಲ.

ನಡುವಿನ ಅಂತಸ್ತಿನಲ್ಲಿ ಅವನನ್ನು ಅಪ್ಸರೆಯರು ಎರಡೂ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಕೆಲವು ಕಲ್ಲುಗಳಲ್ಲಿ ವಿಮಾನವೋ ಪಲ್ಲಕ್ಕಿಯೋ ಇರುತ್ತದೆ, ಮುಂದೆ ಕೊಂಬು, ಮದ್ದಳೆ ಬಾರಿಸುವವರು. ಅನೇಕ ವೀರಗಲ್ಲುಗಳಲ್ಲಿ ಕೆತ್ತಿರುವ ಸಂಸ್ಕೃತ ಶ್ಲೋಕ ಹೇಳುವುದೂ ಇದನ್ನೇ: 'ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ'. ಗೆದ್ದರೆ ಸಂಪತ್ತು, ಸತ್ತರೆ ದೇವಾಂಗನೆ. ಕ್ಷಣದಲ್ಲಿ ನಾಶವಾಗುವ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾಕೆ? ಯುವಕರನ್ನು ದಂಡಿಗೆ ಸೇರಿಸುವ ಜಾಹೀರಾತು ಇದಕ್ಕಿಂತ ಚೆನ್ನಾಗಿ ಬರೆಯಲು ಬರುವುದಿಲ್ಲ.

ಮೇಲಿನ ಅಂತಸ್ತಿನಲ್ಲಿ ಲಿಂಗ, ನಂದಿ, ಪೂಜಾರಿ. ಸತ್ತ ಗೌಡ ಕೈಮುಗಿದು ಕೂತಿದ್ದಾನೆ, ಕತ್ತಿ ಇಲ್ಲ. ಸತ್ತವನು ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನನಿರುತ್ತಾನೆ. ಎಲ್ಲಕ್ಕಿಂತ ಮೇಲೆ ಒಂದು ಪಕ್ಕ ಸೂರ್ಯ, ಒಂದು ಪಕ್ಕ ಚಂದ್ರ. ಅವು ಅಲಂಕಾರಕ್ಕಲ್ಲ. ಸೂರ್ಯಚಂದ್ರರಿರುವವರೆಗೆ ಈ ಹೆಸರೂ, ಇದಕ್ಕಾಗಿ ಬಿಟ್ಟ ಭೂಮಿಯೂ ಇರಲಿ ಎಂದು. ದಾನಶಾಸನಗಳ ತಲೆಯ ಮೇಲೂ ಇವೇ ಇರುತ್ತವೆ, ಜೊತೆಗೆ ಹಸುಕರು. ಭೂಮಿ ಎಂದೋ ಯಾರದೋ ಪಾಲಾಗಿದೆ. ಸೂರ್ಯಚಂದ್ರರೂ ಹಸಿರು ಪೇಂಟೂ ಉಳಿದಿವೆ.

ಪಕ್ಕದ ಕಲ್ಲು ಬೇರೆ ಥರ. ಒಂದು ಗಿಡ್ಡ ಕಂಬ, ಕಂಬದಿಂದ ಚಾಚಿದ ಒಂದೇ ಒಂದು ತೋಳು. ಮೊಣಕೈ ಬಾಗಿ ಅಂಗೈ ಮೇಲಕ್ಕೆ ನಿಂತಿದೆ. ಮಣಿಕಟ್ಟಿನಿಂದ ಕೆಳಗೆ ಬಳೆಗಳು, ಒಂದೊಂದನ್ನೂ ಬಿಡಿಬಿಡಿಯಾಗಿ ಕೊರೆದಿದ್ದಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನಿಂಬೆಹಣ್ಣು. ಮಾಸ್ತಿಕಲ್ಲು. ಗಂಡನೊಂದಿಗೆ ಚಿತೆ ಏರಿದವಳದು.

ಬಳೆಗಳೇ ಇಲ್ಲಿ ಮುಖ್ಯ ಮಾತು. ಅವು ಒಡೆದಿಲ್ಲ. ಅವಳು ವಿಧವೆಯಾಗಲೇ ಇಲ್ಲ, ಮುತ್ತೈದೆಯಾಗಿಯೇ ಹೋದಳು ಎಂದು ಆ ಬಳೆಗಳು ಹೇಳುತ್ತವೆ. ಎತ್ತಿದ ಕೈ ಆಶೀರ್ವಾದದ್ದು. ಅದಕ್ಕೇ ಹಳ್ಳಿಯ ಹೆಂಗಸರು ಅರಿಸಿನ ಕುಂಕುಮ ಹಚ್ಚುತ್ತಾರೆ. ಕೆಲವು ಕಲ್ಲುಗಳಲ್ಲಿ ಇಡೀ ಹೆಣ್ಣಿನ ಆಕೃತಿಯಿದ್ದು, ಇನ್ನೊಂದು ಕೈಯಲ್ಲಿ ಕನ್ನಡಿಯೂ ಇರುತ್ತದೆ. ಈ ಕಲ್ಲಿನಲ್ಲಿ ಬರೀ ತೋಳು.

ಅದರ ಮುಂದೆ ನನಗೆ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಗಂಡನಿಗೆ ಮೂರು ಅಂತಸ್ತು, ದನ, ಬಾಣ, ಅಪ್ಸರೆಯರು. ಇವಳಿಗೆ ಮುಖವೂ ಇಲ್ಲ. ನಿನ್ನೆ ಬೆಟ್ಟದ ಮೇಲೆ ಕಂಡ ಜೈನ ಹೆಂಗಸರಿಗಾದರೂ ಕೂತುಕೊಳ್ಳಲು ಜಾಗ, ಕೇಳಲು ಗುರುವಿನ ಮಾತು ಇತ್ತು. "ಯಾರೂ ಇವಳನ್ನು ಕೇಳಿರಲಿಕ್ಕಿಲ್ಲ ಮಾವ," ಎಂದೆ.

"ಎಲ್ಲ ಕಡೆಯೂ ಹಾಗಿಲ್ಲ ಕಣೇ," ಎಂದು ಅವರು ದೇಕಬ್ಬೆಯ ಕಥೆ ತೆಗೆದರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವಿದೆ. ಅವಳ ಗಂಡ ಏಚ ಕುಸ್ತಿಯಲ್ಲಿ ದಾಯಾದಿಯೊಬ್ಬನನ್ನು ಕೊಂದ. ಚೋಳರ ಆಳ್ವಿಕೆಯ ಕಾಲ, ತಲಕಾಡಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಸುದ್ದಿ ಬಂದಾಗ ದೇಕಬ್ಬೆ ಬೆಂಕಿಗೆ ಹೊರಟಳು. ತಂದೆತಾಯಿ, ನೆಂಟರು ಬೇಡವೆಂದು ಗೋಗರೆದದ್ದು, ಅವಳು ಅವರಿಗೆ ಉತ್ತರ ಕೊಟ್ಟದ್ದು, ಇದ್ದಬದ್ದದ್ದನ್ನು ದಾನ ಮಾಡಿದ್ದು, ಎಲ್ಲವನ್ನೂ ಕವಿ ಕಲ್ಲಿನ ಮೇಲೆ ಪದ್ಯವಾಗಿಸಿದ್ದಾನೆ.

"ತಡೆದರು ಅಂತ ಬರೆದಿದೆ, ಅದನ್ನು ಮರೆಯಬೇಡ," ಎಂದರು. ಮರೆಯುವುದಿಲ್ಲ. ಆದರೆ ಆ ಉತ್ತರ ಅವಳದೋ, ಬರೆದ ಗಂಡಸಿನದೋ? ಮಾವ ಟಾರ್ಚ್ ಆರಿಸಿ, "ಕಲ್ಲು ಹೇಳಿದ್ದನ್ನು ಕಲ್ಲು ಹೇಳಿದೆ ಅಂತ ಹೇಳಬಹುದು, ಅಷ್ಟೇ," ಎಂದರು.

ಬಳ್ಳಿಗಾವಿಯ ಕೇದಾರೇಶ್ವರದಲ್ಲಿ ವೀರಗಲ್ಲುಗಳನ್ನು ಹುಲ್ಲುಹಾಸಿನ ಮೇಲೆ ಒಪ್ಪವಾಗಿ ನಿಲ್ಲಿಸಿದ್ದಾರೆ. ಹನ್ನೆರಡನೇ ಶತಮಾನದ ಕೆತ್ತನೆ, ಬಲು ನಯ. ಆದರೆ ಅರಳಿಕಟ್ಟೆಯಿಂದ ಬಂದ ಕಣ್ಣಿಗೆ ಅವು ಊರಿನಿಂದ ವರ್ಗವಾಗಿ ಬಂದವರ ಹಾಗೆ ಕಂಡವು. ಹೆಸರಿದೆ, ಕಾಲವಿದೆ, ಯಾವ ಗದ್ದೆಯ ಅಂಚಿನಲ್ಲಿ ಬಿದ್ದಿದ್ದ ಎಂಬುದಿಲ್ಲ.

ಮಂಗಳವಾರ, ಹಾನಗಲ್ಲು

ಹಾನಗಲ್ಲಿನ ತಾರಕೇಶ್ವರ ದೊಡ್ಡ ಗುಡಿ. ಅದರ ಛಾವಣಿಯ ತಾವರೆಯನ್ನು ನೋಡಿಯೇ ಅರ್ಧ ದಿನ ಕಳೆಯಬಹುದು, ನಾವು ಕಳೆಯಲಿಲ್ಲ. ಇಲ್ಲಿಯ ವೀರಗಲ್ಲುಗಳು ಅಳತೆಯಲ್ಲೂ ಆರ್ಭಟದಲ್ಲೂ ಬೇರೆ. ಮಲೆನಾಡಿನಲ್ಲಿ ದನ ಕಾದವನ ಒಬ್ಬಂಟಿ ಜಗಳ ಇತ್ತಲ್ಲ, ಇಲ್ಲಿ ಸೈನ್ಯಕ್ಕೆ ಸೈನ್ಯ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಈ ಊರಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ, ಅವನ ಮಗ ಪದ್ಮಯ್ಯ ಎದುರಿಸಿದರು. ಸೋಹಣಿ ಮಡಿದ, ಆ ಸಲ ಬಲ್ಲಾಳ ಹಿಮ್ಮೆಟ್ಟಬೇಕಾಯಿತು. ಭಾನುವಾರ ಹಳೇಬೀಡಿನಲ್ಲಿ ಕಂಡವರು ಪ್ರಾಣ ಕೊಟ್ಟದ್ದು ಇದೇ ಬಲ್ಲಾಳನಿಗಾಗಿ. ಒಬ್ಬನೇ ರಾಜ, ಅಲ್ಲಿಯ ಕಲ್ಲಿಗೆ ಒಡೆಯ, ಇಲ್ಲಿಯ ಕಲ್ಲಿಗೆ ಮುತ್ತಿಗೆ ಹಾಕಿದವನು.

ದೊಡ್ಡವನು ಸತ್ತಿದ್ದಾನೆ ಎನ್ನುವುದನ್ನು ಕಲ್ಲು ಮುಚ್ಚಿಡುವುದಿಲ್ಲ. ತಲೆಯ ಮೇಲೆ ಕೊಡೆ ಇದ್ದರೆ ಪದವಿಯವನು. ಚಾಮರ ಬೀಸುವವರು, ಆನೆ, ಕುದುರೆ ಎಲ್ಲ ಅವನ ಅಂತಸ್ತಿನ ಲೆಕ್ಕ. ಸ್ವರ್ಗಕ್ಕೆ ಹೋದ ಮೇಲೂ ಕೊಡೆ ಹಿಡಿಯುವವನು ಹಿಂದೆಯೇ ಇರುತ್ತಾನೆ, ಅವನಿಗೆ ಬೇರೆ ಕಲ್ಲಿಲ್ಲ.

ಟಾರ್ಚ್ ಹಿಡಿದು ನೆಲಕ್ಕೆ ಕೂತಿದ್ದ ಮಾವನನ್ನು ಕಂಡು ಊರಿನ ಹಿರಿಯರೊಬ್ಬರು ಬಂದರು. "ಏನ್ ಕಳಕೊಂಡೀರಿ ಸರ?"

"ಏನೂ ಕಳಕೊಂಡಿಲ್ಲ ಯಜಮಾನ್ರೆ, ಕಲ್ಲು ಓದ್ತಿದ್ದೆ."

"ಓದಾಕ ಬರತೈತೇನ್ರಿ? ಹಂಗಾರ ನಮ್ಮ ಹೊಲದಾಗ ಒಂದೈತಿ, ಬರ್ರಿ."

ಹೋದೆವು. ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು. ಮಗುಚಿ ನೋಡಿದರೆ ಕೆಳಬದಿಯಲ್ಲಿ ಕುದುರೆಯ ಕಾಲುಗಳು, ಒಂದು ಗುರಾಣಿ. ಅಕ್ಷರವಿಲ್ಲ. ಹೆಸರಿಲ್ಲದಿದ್ದರೂ ಮಾವ ಹೇಳಬಲ್ಲಷ್ಟನ್ನು ಹೇಳಿದರು: ಸವಾರ, ಯುದ್ಧದಲ್ಲಿ ಸತ್ತವನು, ಮೇಲಿನ ಭಾಗ ಮುರಿದು ಹೋಗಿದೆ. ಯಜಮಾನರು ಸ್ವಲ್ಪ ಹೊತ್ತು ನೋಡಿ, "ಇನ್ನ ಮ್ಯಾಲ ಅರಿವಿ ಒಗಿಯಾಕ ಬ್ಯಾರೆ ಕಲ್ಲ ತರಬೇಕ್ಯಾತು," ಎಂದರು, ಬೇಸರವೂ ಹೆಮ್ಮೆಯೂ ಕೂಡಿದ ದನಿಯಲ್ಲಿ.

ಬುಧವಾರ

ಇಡೀ ದಿನ ರಸ್ತೆ. ಕಲ್ಲು ಬಂದರೂ ನಿಲ್ಲಿಸಬಾರದು ಎಂಬ ಷರತ್ತಿಗೆ ಮಾವ ಒಪ್ಪಿದ್ದರು. ನಾಲ್ಕು ಕಡೆ ನಿಲ್ಲಿಸಿದೆವು.

ಗುರುವಾರ, ವಿಜಯಪುರ

ಇಲ್ಲಿ ಕಲ್ಲುಗಳ ಭಾಷೆ ಬದಲಾಗುತ್ತದೆ. ಆಳು, ಪ್ರಾಣಿ, ದೇವರು ಯಾವುದೂ ಇಲ್ಲ. ಗೋಳಗುಮ್ಮಟದ ನಡುವೆ ಎತ್ತರದ ಜಗಲಿಯ ಮೇಲೆ 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹ್ ಮತ್ತು ಮನೆಯವರ ಗೋರಿಗಳು ಕಾಣುತ್ತವೆ. ಅವು ತೋರಿಕೆಯವು, ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಜನ ಮೇಲಕ್ಕೆ ಹೋಗಿ ಕೂಗಿ ಪ್ರತಿಧ್ವನಿ ಕೇಳುತ್ತಾರೆ, ಯಾರ ಗೋರಿಯ ಮೇಲೆ ಕೂಗುತ್ತಿದ್ದೇವೆ ಎಂಬ ಯೋಚನೆ ಇದ್ದಂತಿಲ್ಲ.

ಓದಬೇಕಾದದ್ದು ಗೋರಿಯ ನೆತ್ತಿಯನ್ನು. ಗಂಡಸಿನ ಗೋರಿಯ ಮೇಲೆ ಉದ್ದಕ್ಕೆ ಉಬ್ಬಿದ ದಿಂಡು ಇರುತ್ತದೆ, ಹೆಂಗಸಿನದು ಚಪ್ಪಟೆ. ಉತ್ತರದ ಮೊಘಲ್ ಗೋರಿಗಳಲ್ಲಿ ಇದು ಇನ್ನೂ ಸ್ಪಷ್ಟ: ಗಂಡಸಿಗೆ ಲೇಖನಿ ಇಡುವ ಪೆಟ್ಟಿಗೆ, ಅಂದರೆ ಕಲಮ್‌ದಾನ್, ಹೆಂಗಸಿಗೆ ಬರೆಯುವ ಹಲಗೆ, ತಖ್ತಿ. ತಾಜಮಹಲಿನಲ್ಲಿ ಶಹಜಹಾನನ ಗೋರಿಯ ಮೇಲೆ ಪೆಟ್ಟಿಗೆ, ಮುಮ್ತಾಜಳದರ ಮೇಲೆ ಹಲಗೆ. ಗಂಡಸು ಬರೆಯುವವನು, ಹೆಣ್ಣು ಬರೆಸಿಕೊಳ್ಳುವವಳು ಎಂದು ಅರ್ಥ ಹೇಳುತ್ತಾರೆ.

"ಸೋಮವಾರದ ಕೈ ನೆನಪಾಯಿತಾ?" ಎಂದರು ಮಾವ. ನೆನಪಾಗಿತ್ತು. ಒಂದು ಕಡೆ ಬಳೆ ತೊಟ್ಟ ತೋಳು, ಒಂದು ಕಡೆ ಖಾಲಿ ಹಲಗೆ. ದೇವರು ಬೇರೆ, ಲಿಪಿ ಬೇರೆ, ಈ ವಿಷಯದಲ್ಲಿ ಮಾತ್ರ ಒಮ್ಮತ.

ಇಬ್ರಾಹಿಂ ರೋಜಾದಲ್ಲಿ ಅಕ್ಷರವೇ ಜಾಲಂದ್ರವಾಗಿದೆ. ಕಿಟಕಿಯ ಕಲ್ಲನ್ನು ಬರಹದ ಆಕಾರದಲ್ಲೇ ಕೊರೆದಿದ್ದಾರೆ, ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ. ಅದನ್ನು ಓದಲು ನಮ್ಮಿಬ್ಬರಿಗೂ ಬಾರದು, ಆದರೂ ಅಲ್ಲಿಂದ ಏಳಲು ಮಾವ ಒಪ್ಪಲಿಲ್ಲ.

ಸಂಜೆಗೆ ಊರಿನ ಪಶ್ಚಿಮಕ್ಕಿರುವ ಸಾಠ್ ಕಬರ್. ದಾರಿ ಗೊಂದಲದ್ದೆಂದು ಕಾರು ಬಿಟ್ಟು ಆಟೋ ಹಿಡಿದೆವು. ಅರವತ್ತಕ್ಕೂ ಹೆಚ್ಚು ಗೋರಿಗಳು, ಸಾಲು ಸಾಲು, ಒಂದೇ ಅಳತೆ, ಒಂದೇ ಅಂತರ, ಒಂದೇ ಕೆತ್ತನೆ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಬಿಜಾಪುರದ ಸೇನಾಪತಿ ಅಫ್ಜಲ್ ಖಾನನಿಗೆ ಜ್ಯೋತಿಷಿಗಳು ನೀನು ಮರಳುವುದಿಲ್ಲ ಎಂದರಂತೆ. ತನ್ನ ನಂತರ ಪರರ ಪಾಲಾಗಬಾರದೆಂದು ಹೆಂಡತಿಯರನ್ನೆಲ್ಲ ಬಾವಿಗೆ ತಳ್ಳಿಸಿ ಇಲ್ಲಿ ಹೂಳಿಸಿದ ಎಂದು ಕಥೆ. ಆಟೋದವರು ಅದನ್ನು ದಾರಿಯುದ್ದಕ್ಕೂ ಹೇಳಿದ್ದರು, ಬಾವಿಯನ್ನೂ ತೋರಿಸಿದರು.

ಮಾವ ಒಂದೊಂದೇ ಸಾಲಿನಲ್ಲಿ ನಡೆದು ನೆತ್ತಿಗಳನ್ನು ನೋಡಿದರು. ಎಲ್ಲವೂ ಚಪ್ಪಟೆ. ಒಂದೇ ಒಂದು ದಿಂಡಿಲ್ಲ.

"ಎಲ್ಲ ಹೆಂಗಸರದ್ದೇ, ಅದು ಖರೆ," ಎಂದರು ಆಟೋದವರಿಗೆ. "ಒಂದೇ ಕಾಲಕ್ಕೆ ಮಾಡಿಸಿದ್ದು ಅನ್ನೋದೂ ಕೆತ್ತನೆ ನೋಡಿದರೆ ನಂಬಬಹುದು. ಆದರೆ ಯಾರು, ಹೇಗೆ ಸತ್ತರು ಅಂತ ಇಲ್ಲಿ ಎಲ್ಲೂ ಬರೆದಿಲ್ಲ."

"ಹಂಗಾದ್ರ ನಮ್ಮಜ್ಜ ಹೇಳಿದ್ದು ಸುಳ್ಳೇನ್ರೀ ಸರ?"

"ಸುಳ್ಳು ಅಂದೆನಾ? ಕಲ್ಲು ಹೇಳಿಲ್ಲ ಅಂದೆ. ನಿಮ್ಮಜ್ಜ ಹೇಳಿದರು."

ಆಟೋದವರಿಗೆ ಇದು ಒಪ್ಪಿಗೆಯಾಗಲಿಲ್ಲ. ತೆರೆದಿದ್ದ ಒಂದು ಖಾಲಿ ಗುಂಡಿಯ ಕಡೆ ಕೈ ಮಾಡಿ, "ಹಂಗಾರ ಇದಕ್ಕೇನಂತೀರಿ? ಒಬ್ಬಾಕಿ ತಪ್ಪಿಸ್ಕೊಂಡು ಓಡಿ ಹೋದ್ಲು, ಆಕಿದು ಇದು," ಎಂದರು. ಮಾವ ಗುಂಡಿಯನ್ನು ಬಗ್ಗಿ ನೋಡಿ, ಆಕೆ ಎಲ್ಲಿಗೆ ಹೋದಳಂತೆ ಎಂದು ಕೇಳಿದರು. ಅದಕ್ಕೂ ಅವರಲ್ಲಿ ಉತ್ತರವಿತ್ತು. ಊರು ತಲುಪುವವರೆಗೂ ಹೇಳುತ್ತಲೇ ಇದ್ದರು, ಮಾವ ಅಡ್ಡಪ್ರಶ್ನೆ ಹಾಕುತ್ತಲೇ ಇದ್ದರು.